ಮನಿಗೋ, ಗಾಡಿಗೋ?

ಬನದ ಹುಣ್ಣಿಮೆಯಾಗಿ ಮೂರನೇ ದಿನ. ಕೊಟ್ಟೂರಿನ ಹತ್ತಿರದ ಹಳ್ಳಿ.

ಭಾವನ ಮನೆಯ ಪಡಸಾಲೆಯಲ್ಲಿ ಬ್ಯಾಟರಿಯೊಂದು ಸತ್ತು ಕೂತಿದೆ. 150 ಎಎಚ್‌ನ (ಆಂಪಿಯರ್-ಗಂಟೆ) ಎತ್ತರದ ಟ್ಯೂಬ್ಯುಲರ್, ಇಬ್ಬರು ಹಿಡಿದರೂ ಸೊಂಟ ಕೇಳುವ ಭಾರ. ಕೊಂಡು ಮೂರು ವರ್ಷವಾಗಿದೆ, ಕಾರ್ಡಿನಲ್ಲಿ ಬರೆದದ್ದು ಐದು ವರ್ಷ. "ಕಂಪನಿಯವ್ರು ಸುಳ್ಳು ಬರದಾರ" ಎನ್ನುತ್ತಾರೆ ಭಾವ. ಅಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಕಂಪನಿಯವ್ರು ಮನ್ಯಾಗ ಇಡ್ರಿ ಅಂದಿದ್ರು. ಜಾತ್ರಿಗೆ ಕರ್ಕೊಂಡು ಹೋಗ್ರಿ ಅಂದಿರ್ಲಿಲ್ಲ."

ಈ ಮಾತು ಅರ್ಥವಾಗಬೇಕಾದರೆ ಅವರ ಟ್ರೇಲರ್ ನೋಡಬೇಕು. ವರ್ಷವೆಲ್ಲ ಗೊಬ್ಬರ, ಮೆಕ್ಕೆಜೋಳ, ಶೇಂಗಾ ಹೊರುವ ಟ್ರ್ಯಾಕ್ಟರ್ ಟ್ರೇಲರ್ ಅದು. ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಮೈ ತೊಳೆಸಿಕೊಂಡು ಮನೆಯಾಗುತ್ತದೆ. ಬಿದಿರಿನ ಕಮಾನು, ಮೇಲೆ ತಾಡಪಾಲು, ತಳಕ್ಕೆ ಒಣಹುಲ್ಲು, ಹುಲ್ಲಿನ ಮೇಲೆ ಜಮಖಾನ, ಕೌದಿ. ಹಿಂದಿನ ಮೂಲೆಗೆ ಗ್ಯಾಸಿನ ಒಲೆ, ರೊಟ್ಟಿ ಬುಟ್ಟಿ. ಮುಂದಿನ ಮೂಲೆಗೆ ಮೈಲಾರಲಿಂಗನ ಪಟ, ಅದರ ಮುಂದೆ ರಾತ್ರಿಯೆಲ್ಲ ಆರದ ದೀಪ. ಹಿಂದೆ ಈ ಕೆಲಸ ಎತ್ತಿನ ಕೊಲ್ಲಾರಿ ಬಂಡಿಯದು. ಈಗಲೂ ಹಟಕ್ಕೆ ಬಿದ್ದು ಬಂಡಿಯಲ್ಲೇ ಬರುವವರಿದ್ದಾರೆ. ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರ, ಶಿವರಾತ್ರಿಗೆ ಅದೇ ತಾಲ್ಲೂಕಿನ ಕುರುವತ್ತಿ, ಯುಗಾದಿಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗ. ಕೊಟ್ಟೂರೇಶನ ತೇರಿಗೆ ನಡೆದೇ ಹೋಗುತ್ತಾರೆ, ಅದು ಲೆಕ್ಕಕ್ಕಿಲ್ಲ. ಎಲ್ಲ ಕೂಡಿಸಿದರೆ ಟ್ರೇಲರಿನಲ್ಲಿ ಮಲಗುವುದು ವರ್ಷಕ್ಕೆ ಹನ್ನೆರಡು ರಾತ್ರಿ.

ಆ ಹನ್ನೆರಡು ರಾತ್ರಿಗಾಗಿ ಮನೆಯ ಇನ್ವರ್ಟರು, ಬ್ಯಾಟರಿ ಎರಡನ್ನೂ ಕಿತ್ತು ಟ್ರೇಲರಿಗೆ ಏರಿಸುತ್ತಾರೆ. ಜಾತ್ರೆಗೆ ಹೋದವರಿಗೆ ಬೆಳಕು, ಗಾಳಿ. ಎಮ್ಮೆ ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಭಾವನ ತಾಯಿಗೆ, ಕರೆಂಟು ಹೋದರೆ, ಮೇಣದ ಬತ್ತಿ.

ಹೊರದೇಶದ ಕ್ಯಾರವಾನ್‌ಗಳಲ್ಲಿ ಎರಡು ಬ್ಯಾಟರಿ ಇರುತ್ತವೆ. ಎಂಜಿನ್ ಎಬ್ಬಿಸಲು ಒಂದು, ಒಳಗಿನ ದೀಪ, ಫ್ಯಾನು, ಫ್ರಿಜ್ಜಿಗೆ ಇನ್ನೊಂದು. ಈ ಎರಡನೆಯದನ್ನು ಅವರು ಕರೆಯುವುದೇ ಮನೆ ಬ್ಯಾಟರಿ ಎಂದು. ನಮ್ಮ ಭಾವ ಆ ಹೆಸರನ್ನು ಕೇಳಿದವರಲ್ಲ. ಆದರೆ ಅವರಷ್ಟು ಅಕ್ಷರಶಃ ಪಾಲಿಸಿದವರು ಇನ್ನೊಬ್ಬರಿರಲಾರರು.

ಮರುದಿನ. ಕೊಟ್ಟೂರು.

ಅಂಗಡಿಯವನ ಮೊದಲ ಪ್ರಶ್ನೆ: "ಮನಿಗೋ, ಗಾಡಿಗೋ?"

ಭಾವ: "ಎರಡಕ್ಕೂ."

ಅವನು ನಮ್ಮನ್ನು ಕೂರಿಸಿ ಚಹಾ ಹೇಳಿದ. ಗಿರಾಕಿಯ ಮಾತು ತಿಳಿಯದಿದ್ದಾಗ ಇಲ್ಲಿ ಚಹಾ ಬರುತ್ತದೆ.

ಸತ್ತ ಬ್ಯಾಟರಿಯ ಆರೂ ಮುಚ್ಚಳ ತೆಗೆದು, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ತೇಲುವ ಕಡ್ಡಿ ನೋಡಿದ. ಐದು ಸೆಲ್ಲಿನಲ್ಲಿ 1230ರ ಆಸುಪಾಸು. ಆರನೆಯದರಲ್ಲಿ 1100. ಅಲ್ಲಿರುವುದು ಬಹುಪಾಲು ಬರೀ ನೀರು.

"ಇದನ್ನ ಅಡ್ಡ ಮಲಗಿಸಿದ್ರೇನು?"

ಭಾವ ನನ್ನ ಮುಖ ನೋಡಿದರು. ಹೋದ ವರ್ಷ ಮೈಲಾರದ ದಾರಿಯಲ್ಲಿ ಹಂಪ್ಸ್ ಹಾರಿದಾಗ ಬ್ಯಾಟರಿ ಒಂದು ಮಗ್ಗುಲಿಗೆ ವಾಲಿತ್ತು. ಗೊತ್ತಾದದ್ದು ಮಾರನೇ ದಿನ, ಕೌದಿಯನ್ನು ಎತ್ತಿದಾಗ. ಮೂಲೆಯಲ್ಲಿ ಅಂಗೈಯಗಲ ಬಟ್ಟೆಯೇ ಇರಲಿಲ್ಲ. ಚೆಲ್ಲಿದ್ದನ್ನು ತುಂಬಬೇಕಲ್ಲ ಎಂದು ಕ್ಯಾನಿನಲ್ಲಿದ್ದ ಫಿಲ್ಟರ್ ನೀರು ಹೊಯ್ದರು. ಕುಡಿಯುವವರಿಗೆ ಶುದ್ಧವಾದ ನೀರು ಬ್ಯಾಟರಿಗೆ ಶುದ್ಧವಲ್ಲ, ಅದರಲ್ಲಿ ಇನ್ನೂ ಉಪ್ಪಿನಂಶ ಉಳಿದಿರುತ್ತದೆ. ಡಿಸ್ಟಿಲ್ ವಾಟರ್ ಹೊಯ್ದಿದ್ದರೂ ಹೋದ ಆಸಿಡ್ ಬರುತ್ತಿರಲಿಲ್ಲ. ಬಿಸಿಲಿಗೆ ಆರಿದ್ದನ್ನು ನೀರು ತುಂಬುತ್ತದೆ, ಚೆಲ್ಲಿದ್ದನ್ನಲ್ಲ. ಒಂದು ಸೆಲ್ಲು ಹೋದರೆ ಹನ್ನೆರಡು ವೋಲ್ಟಿನ ಬ್ಯಾಟರಿ ಹತ್ತೂವರೆಗೆ ಇಳಿಯುತ್ತದೆ. ಆಗ ಇನ್ವರ್ಟರು ಕೂಗಲು ಶುರು ಮಾಡುತ್ತದೆ. ಉಳಿದ ಐದು ಸೆಲ್ಲು ಗಟ್ಟಿಯಿದ್ದೂ ದಂಡ.

ವಾರಂಟಿ ಕೇಳಿದೆವು. ಕಾರ್ಡಿನ ಹಿಂಬದಿಯ ಸಣ್ಣ ಅಕ್ಷರವನ್ನು ಅವನು ಬೆರಳಿಟ್ಟು ತೋರಿಸಿದ: ಮನೆ ಬಳಕೆಗೆ ಮಾತ್ರ. "ಜಾತ್ರ್ಯಾಗೂ ಮನಿ ಮಂದಿನೇ ಬಳಸಿದ್ದು" ಎಂದು ಭಾವ ವಾದ ಮಾಡಿದರು. ವಾದವೇನೋ ಚೆನ್ನಾಗಿತ್ತು.

ಹಳೆಯದನ್ನು ತೂಕಕ್ಕೆ ಹಾಕಿ ನಾಲ್ಕು ಸಾವಿರದ ಮೇಲೆ ಕೊಡುತ್ತಾನಂತೆ. ಸೀಸಕ್ಕೆ ಸಾವಿಲ್ಲ, ಕರಗಿಸಿ ಮತ್ತೆ ಪ್ಲೇಟು ಮಾಡುತ್ತಾರೆ. ಸತ್ತ ಮೇಲೂ ಕಾಲುಭಾಗ ಬೆಲೆ ಬಾಳುವ ಸಾಮಾನು ನಮ್ಮ ಮನೆಗಳಲ್ಲಿ ಬೇರೆ ಯಾವುದಿದೆ? ಬಂಗಾರ ಬಿಟ್ಟರೆ ನನಗೆ ಹೊಳೆಯಲಿಲ್ಲ.

ಕೂಡ್ಲಿಗಿ, ಹೆದ್ದಾರಿ 50ರ ಬದಿ.

ಲಾರಿಗಳ ಬ್ಯಾಟರಿ ಕೆಲಸದವನು. ಅವನಿಗೆ ಯಾವ ಅನುಮಾನವೂ ಇಲ್ಲ. "ಲಾರಿ ಬ್ಯಾಟರಿ ಹಾಕ್ರಿ ಯಜಮಾನ್ರೆ. ಗುಂಡಿಗೆ ಬಿದ್ರೂ, ಗುಡ್ಡ ಹತ್ತಿದ್ರೂ ಏನೂ ಆಗಂಗಿಲ್ಲ." ಭಾವನ ಮುಖ ಅರಳಿತು.

ಅರ್ಧ ಚಹಾ ಕುಡಿಯುವಷ್ಟರಲ್ಲಿ ಅವನೇ ತನ್ನ ಮಾತಿಗೆ ತಾನೇ ಕಲ್ಲು ಹಾಕಿಕೊಂಡ. ಪಕ್ಕದಲ್ಲಿ ನಿಂತಿದ್ದ ಲಾರಿಯ ಡ್ರೈವರನ್ನು ಬೈಯುತ್ತಿದ್ದ. ಲಾರಿಗೆ 24 ವೋಲ್ಟು, ಹನ್ನೆರಡರ ಎರಡು ಬ್ಯಾಟರಿ ಜೋಡಿ. ಹಾಡಿನ ಸೆಟ್ಟಿಗೂ ಕ್ಯಾಬಿನ್ ಫ್ಯಾನಿಗೂ ಹನ್ನೆರಡೇ ಸಾಕಾದ್ದರಿಂದ ಎಲ್ಲರೂ ಜೋಡಿಯಲ್ಲಿ ಒಂದರಿಂದ ಮಾತ್ರ ವೈರು ಎಳೆಯುತ್ತಾರೆ. ರಾತ್ರಿಯೆಲ್ಲ ಫ್ಯಾನು ಹಾಕಿಕೊಂಡು ಮಲಗುವುದು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಕಟಕಟ. ಎರಡರಲ್ಲಿ ಯಾವಾಗಲೂ ಅದೇ ಒಂದು ಮೊದಲು ಸಾಯುತ್ತದೆ.

"ಹಂಗಾರೆ ಫ್ಯಾನು ಹಾಕಿದ್ರ ಲಾರಿ ಬ್ಯಾಟರಿ ಸಾಯ್ತೈತಿ?"

"ಸಾಯ್ತೈತಿ ಮತ್ತ. ಅದು ಒದ್ಯಾಕ ಹುಟ್ಟಿದ್ದು, ಸೋರಾಕಲ್ಲ."

ಇದನ್ನು ಬರೆದುಕೊಂಡೆ. ಎಂಜಿನ್ ಎಬ್ಬಿಸುವ ಬ್ಯಾಟರಿಗೆ ಪ್ಲೇಟು ತೆಳು, ಸಂಖ್ಯೆ ಹೆಚ್ಚು. ಒಂದೆರಡು ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಒದ್ದು, ಕೂಡಲೇ ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳುತ್ತದೆ. ಅದನ್ನು ರಾತ್ರಿಯೆಲ್ಲ ಹನಿಹನಿಯಾಗಿ ಖಾಲಿ ಮಾಡಿದರೆ ಕೆಲವೇ ಹತ್ತು ಸಲಕ್ಕೆ ಕೈಕೊಡುತ್ತದೆ. ಟ್ಯೂಬ್ಯುಲರಿನಲ್ಲಿ ಸೀಸದ ಕಡ್ಡಿಗಳಿಗೆ ಬಟ್ಟೆಯ ಚೀಲ ತೊಡಿಸಿ ಒಳಗೆ ಪುಡಿ ತುಂಬಿರುತ್ತಾರೆ. ಸಾವಿರ ಸಲ ಸೋರಿ ತುಂಬಿದರೂ ತಡೆಯುತ್ತದೆ, ಆದರೆ ಕುಣಿತ ತಡೆಯುವುದಿಲ್ಲ. ಅಷ್ಟು ಎತ್ತರದ್ದು ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರಲಿಕ್ಕೇ ಸರಿ.

ನಮಗೆ ಬೇಕಾದ್ದು ಕುಣಿಯುತ್ತ ಸೋರುವುದು.

ವಾಪಸು ಬಂದ ರಾತ್ರಿ.

ಎಲ್ಲ ಅಂಗಡಿಯವರೂ ಎಷ್ಟು ಎಎಚ್ ಬೇಕು ಎಂದು ಕೇಳಿದರು, ಎಷ್ಟು ಉರಿಸುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಹಾಗಾಗಿ ಅಕ್ಕನ ಮಗನನ್ನು ಕೂರಿಸಿಕೊಂಡು ಜಾತ್ರೆಯ ಒಂದು ರಾತ್ರಿಯ ಲೆಕ್ಕ ಹಾಕಿದೆ. ಅವನು ಹೊಸಪೇಟೆಯಲ್ಲಿ ಡಿಪ್ಲೊಮಾ ಓದುವವನು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ಗುಣಾಕಾರ ಅವನದು, ಅನುಮಾನ ನನ್ನದು.

ಒಂಬತ್ತು ವ್ಯಾಟಿನ ಮೂರು ಬಲ್ಬು, ಆರು ಗಂಟೆ: 162. ಎಂಟು ಫೋನು, ಒಂದಕ್ಕೆ ಹನ್ನೆರಡರಂತೆ: ನೂರರ ಹತ್ತಿರ. ಭಜನೆ ಪದ ಹಾಕುವ ಸ್ಪೀಕರು ಮೂರು ಗಂಟೆ: 60. ಎರಡು ಟೇಬಲ್ ಫ್ಯಾನು, 55 ವ್ಯಾಟಿನವು, ಎಂಟು ಗಂಟೆ: 880. ಹೊಳೆದಂಡೆಯ ಸೊಳ್ಳೆಗೆ ಫ್ಯಾನು ಬಿಟ್ಟರೆ ಉಪಾಯವಿಲ್ಲ. ಒಟ್ಟು 1200 ವ್ಯಾಟ್-ಗಂಟೆ. ಹನ್ನೆರಡನ್ನು 230 ಮಾಡುವುದಕ್ಕೆ ಇನ್ವರ್ಟರ್ ತಿನ್ನುವುದನ್ನೂ ಸೇರಿಸಿ 1400 ಎಂದುಕೊಂಡೆವು. ಹನ್ನೆರಡರಿಂದ ಭಾಗಿಸಿದರೆ 117 ಎಎಚ್. 150ರ ಬ್ಯಾಟರಿಯಿಂದ ಒಂದೇ ರಾತ್ರಿಗೆ!

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ಬಲ್ಲವರ ಮಾತು. ಇವರು ಮೊದಲ ರಾತ್ರಿಯೇ ಮುಕ್ಕಾಲು ದಾಟಿಸಿ, ಬೆಳಿಗ್ಗೆ ಟ್ರ್ಯಾಕ್ಟರನ್ನು ಒಂದು ಗಂಟೆ ಗುಡುಗುಡು ಅನ್ನಿಸಿ, ತುಂಬಿತೆಂದು ತಿಳಿದು ಎರಡನೇ ರಾತ್ರಿಗೆ ಇಳಿದಿದ್ದಾರೆ. ಆಸಿಡ್ ಚೆಲ್ಲದಿದ್ದರೂ ಅದು ಐದು ವರ್ಷ ಕಾಣುತ್ತಿರಲಿಲ್ಲ.

ಆಮೇಲೆ ಹುಡುಗ ಹನ್ನೆರಡು ವೋಲ್ಟಿನಲ್ಲೇ ತಿರುಗುವ ಸಣ್ಣ ಫ್ಯಾನಿನ ಲೆಕ್ಕ ಹಾಕಿದ. 18 ವ್ಯಾಟ್. ಎರಡು ಫ್ಯಾನು ಎಂಟು ಗಂಟೆಗೆ 288. ಬಲ್ಬನ್ನೂ ಹನ್ನೆರಡು ವೋಲ್ಟಿನ ಐದು ವ್ಯಾಟಿನದು ಮಾಡಿದರೆ 90. ಫೋನು, ಸ್ಪೀಕರು ಅಷ್ಟೇ. ಎಲ್ಲ ಸೇರಿ 540ರೊಳಗೆ, 45 ಎಎಚ್. ಇನ್ವರ್ಟರಿನ ಕೆಲಸವೇ ಇಲ್ಲ, ಅದು ಮನೆಯಲ್ಲೇ ಇರಬಹುದು. ಬೆಳಕು, ಗಾಳಿ ಸ್ವಲ್ಪ ಕಡಿಮೆ, ಆದರೆ ಬ್ಯಾಟರಿಯ ಮೇಲಿನ ಭಾರ ಅರ್ಧಕ್ಕೂ ಕಡಿಮೆ.

ಎರಡು ಊರು ತಿರುಗಿ ಬ್ಯಾಟರಿ ಹುಡುಕಿದ್ದೇವೆ. ಕೊಳ್ಳಬೇಕಾಗಿದ್ದದ್ದು ಎರಡು ಫ್ಯಾನು ಇರಬಹುದೇ ಎಂದು ಅನುಮಾನ.

ಹಗರಿಬೊಮ್ಮನಹಳ್ಳಿ.

ಒಂದೇ ಅಂಗಡಿ, ಒಂದೇ ಕಂಪನಿ, ಅಕ್ಕಪಕ್ಕ ಎರಡು ಬ್ಯಾಟರಿ. ಎರಡರ ಮೇಲೂ 150. ಒಂದಕ್ಕೆ ಬೆಲೆ ಹೆಚ್ಚು, ತೂಕವೂ ಹೆಚ್ಚು. ಯಾಕೆ? "ಅದು ಸೋಲಾರಿಂದು." ಸೋಲಾರಿಗೂ ತೂಕಕ್ಕೂ ಏನು ಸಂಬಂಧ? "ಸೋಲಾರಿಂದು ಅಂದ್ರ ಸೋಲಾರಿಂದ್ರೀ."

ನಮ್ಮ ಹುಡುಗ ಲೇಬಲ್ಲಿನ ಮೂಲೆ ತೋರಿಸಿದ. ಒಂದರ ಮೇಲೆ ಸಿ20, ಇನ್ನೊಂದರ ಮೇಲೆ ಸಿ10. ಮೊದಲನೆಯದು ಇಪ್ಪತ್ತು ಗಂಟೆ ನಿಧಾನವಾಗಿ, ಏಳೂವರೆ ಆಂಪಿಯರಿನಂತೆ ಎಳೆದರೆ 150 ಕೊಡುತ್ತದೆ. ಎರಡನೆಯದು ಹತ್ತೇ ಗಂಟೆಯಲ್ಲಿ, ಹದಿನೈದರಂತೆ ಎಳೆದರೂ 150 ಕೊಡುತ್ತದೆ. ಸೀಸದ ಬ್ಯಾಟರಿಯನ್ನು ಅವಸರಿಸಿದಷ್ಟೂ ಅದು ಕೊಡುವುದು ಕಡಿಮೆ. ಆದ್ದರಿಂದ ಸಿ10ರ ನೂರೈವತ್ತು ನಿಜವಾಗಿ ದೊಡ್ಡ ನೂರೈವತ್ತು. ಸಂತೆಯಲ್ಲಿ ಸೇರು ಪಾವುಗಳ ಕಾಲದಲ್ಲೂ ಊರಿಗೊಂದು ಸೇರು ಇತ್ತು. ಆಗ ಅದನ್ನು ಮೋಸ ಎನ್ನುತ್ತಿದ್ದರೋ, ಪದ್ಧತಿ ಎನ್ನುತ್ತಿದ್ದರೋ?

ಅಂಗಡಿಯವನು ಇನ್ನೊಂದು ಮಾತು ಹೇಳಿದ, ಇದು ಮಾತ್ರ ಪಕ್ಕಾ. ಲೇಬಲ್ಲಿನ ಆಯುಷ್ಯವೆಲ್ಲ 25-27 ಡಿಗ್ರಿ ಸೆಖೆಗೆ ಹೇಳಿದ್ದು. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ನಮ್ಮ ಕಡೆ ಏಪ್ರಿಲ್‌ನಲ್ಲಿ ತಗಡಿನ ಪಡಸಾಲೆಯಲ್ಲಿ ನಲವತ್ತು. ಐದು ವರ್ಷ ಎಂದು ಬರೆದವರು ಪಡಸಾಲೆ ನೋಡಿ ಬರೆದಿಲ್ಲ.

ಕೊಟ್ಟೂರು ರೈಲು ನಿಲ್ದಾಣ, ಹೊಸಪೇಟೆ ಗಾಡಿ ಹೊರಡಲು ಕಾಯುತ್ತ.

ಹುಡುಗನನ್ನು ಕಾಲೇಜಿಗೆ ಕಳಿಸಲು ಬಂದವನು ಬೋಗಿಯ ಹೊಟ್ಟೆ ನೋಡುತ್ತ ನಿಂತೆ. ನಡುವೆ ತೂಗುಬಿದ್ದ ಕಬ್ಬಿಣದ ಪೆಟ್ಟಿಗೆ: ಬ್ಯಾಟರಿ. 110 ವೋಲ್ಟಿನದು. ಗಾಲಿಯ ಅಚ್ಚು ತಿರುಗಿದಾಗ ಬೆಲ್ಟಿನಿಂದ ಆಲ್ಟರ್ನೇಟರ್ ತಿರುಗಿ ಅದನ್ನು ತುಂಬುತ್ತದೆ, ನಿಂತಾಗ ಅದು ದೀಪ, ಫ್ಯಾನು ನೋಡಿಕೊಳ್ಳುತ್ತದೆ. ಓಡುವ ಮನೆಗೆ ಬ್ಯಾಟರಿ ಹೊಂದಿಸುವ ಕೆಲಸ ಹೊಸದೇನಲ್ಲ. ಫ್ರಾನ್ಸಿನ ಪ್ಲಾಂಟೆ ಸೀಸದ ಬ್ಯಾಟರಿ ಮಾಡಿದ್ದು 1859ರಲ್ಲಿ. ಅದನ್ನು ಫೋರ್ ಎನ್ನುವವನು 1881ರಲ್ಲಿ ಸುಧಾರಿಸಿದ. ಅದೇ ವರ್ಷ ಲಂಡನ್ನಿನಿಂದ ಬ್ರೈಟನ್‌ಗೆ ಹೋಗುವ ರೈಲಿನ ಪುಲ್‌ಮನ್ ಬೋಗಿಯೊಂದಕ್ಕೆ ಆ ಬ್ಯಾಟರಿ ಇಟ್ಟು ದೀಪ ಹಚ್ಚಿದರು. ಬ್ಯಾಟರಿ ನಮ್ಮಂಥವರ ಮನೆ ಸೇರುವುದಕ್ಕೆ ನೂರು ವರ್ಷ ಮೊದಲೇ ಗಾಡಿ ಹತ್ತಿತ್ತು. ಹಾಗಿದ್ದರೂ ಅಂಗಡಿಯಲ್ಲಿ ಎರಡೇ ಕಪಾಟು: ಮನೆ, ಗಾಡಿ.

ಹಡಗಲಿ.

ಮಲ್ಲಿಗೆ ಬುಟ್ಟಿಗಳು ಬಸ್ಸು ಹತ್ತುವ ಹೊತ್ತು. ಬ್ಯಾಟರಿ ಅಂಗಡಿಯಲ್ಲಿ ನಮಗಿಂತ ಮುಂದೆ ತಾಂಡಾದ ಒಬ್ಬ ಯಜಮಾನ. ಔಷಧಿ ಹೊಡೆಯುವ ಪಂಪಿನೊಳಗೆ ಕೂರುವ ಇಟ್ಟಿಗೆಯಂಥ ಬ್ಯಾಟರಿ ಕೇಳುತ್ತಿದ್ದ: 12 ವೋಲ್ಟು, 8 ಎಎಚ್. ಪಂಪು ಕೈಯಲ್ಲಿರಲಿಲ್ಲ. ಯಾಕೆಂದು ಮಾತಿಗೆ ಎಳೆದೆ.

ಕಬ್ಬು ಕಡಿಯುವ ಸುಗ್ಗಿಗೆ ಹೋದವರ ಗುಡಿಸಲಿಗಂತೆ. ಮಗ, ಸೊಸೆ ಹೋಗಿದ್ದಾರೆ, ತಿಂಗಳುಗಟ್ಟಲೆ ಅಲ್ಲೇ. ಗದ್ದೆಯ ಬದಿಯಲ್ಲಿ ತಾಡಪಾಲಿನ ಗುಡಿಸಲು, ಕರೆಂಟಿಲ್ಲ. ಮೂರು ವ್ಯಾಟಿನ ಬಲ್ಬಿಗೆ ಇದೊಂದು ಬ್ಯಾಟರಿ, ಕಟ್ಟಿಗೆಯ ಮೇಲೆ ಪುಸ್ತಕದಗಲದ ಸೋಲಾರ್. "ಕೂಸು ಐತ್ರಿ. ಕತ್ತಲ್ಯಾಗ ಹಾವು ಚೇಳು." ಹನ್ನೆರಡನ್ನು ಎಂಟರಿಂದ ಗುಣಿಸಿದರೆ 96. ಮೂರು ವ್ಯಾಟಿಗೆ ಪುಸ್ತಕದ ಲೆಕ್ಕದಲ್ಲಿ ಮೂವತ್ತೆರಡು ಗಂಟೆ; ಅರ್ಧ ಹಿಡಿದರೂ ಒಂದು ರಾತ್ರಿ ದಾಟಿ ಮಿಗುತ್ತದೆ. ಅವನು ಯಾವ ಲೆಕ್ಕವನ್ನೂ ಬರೆದಿರಲಿಲ್ಲ. ಕೈಯಲ್ಲಿ ಎತ್ತಿ ನೋಡಿದ, ದುಡ್ಡು ಕೊಟ್ಟ, ಹೋದ. ಐದು ನಿಮಿಷ.

ನಾನು ತರಗತಿಯಲ್ಲಿ ಪಾಠ ಮಾಡುವ ಲಂಬಾಣಿಗಳು ಇವರ ಹಿರಿಯರೇ. ಎತ್ತುಗಳ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲ ನಡೆದವರು, ಮೊಗಲರ ದಂಡಿಗೂ ಇಂಗ್ಲಿಷರ ದಂಡಿಗೂ ಕಾಳು ಮುಟ್ಟಿಸಿದವರು. ಕ್ಯಾರವಾನ್ ಎಂಬ ಮಾತಿನ ಮೂಲ ಪಾರಸಿಯ ಕಾರವಾನ್, ಸಾಲುಗಟ್ಟಿ ನಡೆಯುವ ವ್ಯಾಪಾರಿಗಳ ತಂಡ. ಆ ಅರ್ಥದಲ್ಲಿ ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಕ್ಯಾರವಾನಿನ ಜನ ಎಂದರೆ ಇವರೇ. ಕೇರಳ ಸರ್ಕಾರ 2021ರಲ್ಲಿ ಪ್ರವಾಸಿಗರಿಗಾಗಿ ಕ್ಯಾರವಾನ್ ನೀತಿ ತಂದಾಗ ಪತ್ರಿಕೆಯಲ್ಲಿ ಓದಿದ್ದೆ. ಒಳಗೆ ಹಾಸಿಗೆ, ಅಡುಗೆಮನೆ, ಸ್ನಾನದ ಕೋಣೆ. ಸುಗ್ಗಿಗೆ ಹೊರಡುವ ಲಾರಿಯ ಹಿಂದೆಯೂ ಹಾಸಿಗೆ, ಪಾತ್ರೆ, ಕೋಳಿ, ಕೂಸು ಎಲ್ಲ ಇರುತ್ತದೆ. ಅದಕ್ಕೆ ಯಾರೂ ಹಾಗೆ ಹೆಸರಿಟ್ಟಿಲ್ಲ.

ಭಾವ ಅಂಗಡಿಯವನಿಗೆ ಹಳೇ ಉತ್ತರ ಕೊಟ್ಟರು: "ಎರಡಕ್ಕೂ." ಅವನು "ಹಂಗಂದ್ರ ಎರಡು ತಗೊಳ್ರಿ" ಎಂದ. ವ್ಯಾಪಾರದ ಮಾತು ಎಂದು ನಗಾಡಿದೆವು. ಬಸ್ಸಿನಲ್ಲಿ ಕೂತ ಮೇಲೆ ನಗು ನಿಂತಿತು.

ಭಾನುವಾರ. ಲಿಥಿಯಂ ಪಂಚಾಯ್ತಿ.

ಹುಡುಗ ಹೊಸಪೇಟೆಯಿಂದ ಫೋನಿನಲ್ಲಿ ಚಿತ್ರ ಕಳಿಸಿದ್ದಾನೆ. ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟು, 100 ಎಎಚ್. ಹನ್ನೆರಡು ಕಿಲೋ ತೂಕ. ಆಸಿಡ್ ಇಲ್ಲ, ನೀರು ಹೊಯ್ಯುವುದಿಲ್ಲ, ಮಲಗಿಸಿದರೂ ಚೆಲ್ಲುವುದಿಲ್ಲ, ಮುಕ್ಕಾಲಿಗಿಂತ ಹೆಚ್ಚು ಖಾಲಿ ಮಾಡಿದರೂ ಮುನಿಯುವುದಿಲ್ಲ, ಎರಡು ಸಾವಿರ ಸಲ ತುಂಬಿ ಖಾಲಿ ಮಾಡಬಹುದು. ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೂ ಕೆಡದು. "ಕೂಸು ಎತ್ತಿದಂಗ ಎತ್ತಬಹುದಲ್ಲ" ಎಂದು ಅಕ್ಕನಿಗೆ ಇದರ ಮೇಲೆ ಮನಸ್ಸು.

ಬೆಲೆ ಮೂವತ್ತೆರಡು ಸಾವಿರ.

ಭಾವ ಬಾಯಲ್ಲೇ ಭಾಗಿಸಿದರು. "ರಾತ್ರಿಗೆ ಎರಡೂವರಿ ಸಾವಿರದ ಮ್ಯಾಲೆ ಬಿತ್ತು. ಅಷ್ಟಕ್ಕ ರಾಣೆಬೆನ್ನೂರಾಗ ಲಾಡ್ಜ್ ಮಾಡಿ, ಕಾರಿನ್ಯಾಗ ಮೈಲಾರಕ್ಕ ಹೋಗಿ ಬರಬಹುದು." ಹತ್ತು ವರ್ಷ ಬಾಳುತ್ತದೆ, ಹಾಗೆ ನೋಡಿದರೆ ರಾತ್ರಿಗೆ 270 ರೂಪಾಯಿಯೂ ಇಲ್ಲ ಎಂದೆ. "ಹತ್ತು ವರ್ಷ ಬ್ಯಾಟರಿ ಇರ್ತೈತಿ ಮೇಷ್ಟ್ರೆ. ನಾ ಇರ್ತೀನೇನು?"

ಈ ರಸಾಯನ ಕಂಡುಹಿಡಿದ ತಂಡದ ಹಿರಿಯ ಜಾನ್ ಗುಡಿನಫ್ ಅವರಿಗೆ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಬಂದದ್ದು 2019ರಲ್ಲಿ, ಅವರ 97ನೇ ವಯಸ್ಸಿನಲ್ಲಿ ಎಂದು ಹೇಳಿ ಧೈರ್ಯ ತುಂಬಲು ನೋಡಿದೆ. ಅದು ಉಪಯೋಗಕ್ಕೆ ಬರಲಿಲ್ಲ. ಸುಟ್ಟುಹೋದ ಎಲೆಕ್ಟ್ರಿಕ್ ಸ್ಕೂಟರಿನ ವಿಡಿಯೋಗಳನ್ನು ಎಲ್ಲರೂ ನೋಡಿದ್ದಾರೆ. ಫಾಸ್ಫೇಟಿನದು ಬೇರೆ ಜಾತಿ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂದರೆ ಭಾವನ ತಾಯಿ, "ದೀಪದ ಮುಂದ ಜಾತಿ ಕೇಳ್ತೀರೇನು?" ಎಂದರು.

ಅವರು ಹೇಳಿದ್ದರಲ್ಲಿ ಒಂದು ಸರಿಯಾದ ಪ್ರಶ್ನೆಯಿತ್ತು, ಸೀಸದ ಬ್ಯಾಟರಿಯ ವಿಷಯದಲ್ಲಿ. ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕರಷ್ಟು ಸೇರಿದರೆ ಕಿಡಿಗೆ ಸಿಡಿಯಬಲ್ಲದು. ಮೂರು ವರ್ಷ ಮೈಲಾರಲಿಂಗನ ದೀಪದಿಂದ ಮೂರಡಿ ದೂರದಲ್ಲಿ ಬ್ಯಾಟರಿ ಇತ್ತು. ತಾಡಪಾಲಿಗೆ ಎರಡೂ ಕಡೆ ಬಾಯಿ ಇದ್ದದ್ದರಿಂದ ಗಾಳಿಯಾಡಿ ಉಳಿದಿದ್ದಾರೆ. ಈ ವರ್ಷ ಬ್ಯಾಟರಿ ಹಿಂದಿನ ಬಾಗಿಲಿನ ಹೊರಗೆ, ಪೆಟ್ಟಿಗೆಯಲ್ಲಿ, ಪಟ್ಟಿ ಬಿಗಿದು. ಪ್ಲಸ್ಸಿನ ವೈರಿಗೆ ಬುಡದಲ್ಲೇ ಫ್ಯೂಸು. ಇದೊಂದು ತೀರ್ಮಾನ ಜಗಳವಿಲ್ಲದೆ ಆಯಿತು.

ಹರಪನಹಳ್ಳಿ.

1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿದ ಊರು. ಯಾವ ಕಪಾಟಿಗೆ ಸೇರಿದವರು ಎಂದು ಇವರನ್ನೂ ಎಷ್ಟೋ ಸಲ ಕೇಳಿದ್ದಾರೆ. ಬಹುಶಃ ಅದಕ್ಕೇ ನಮಗೆ ಬೇಕಾದ್ದು ಇಲ್ಲಿ ಸಿಕ್ಕಿತು.

ಅಂಗಡಿಯ ಹೊರಗೆ ಒಂದು ಬ್ಯಾಟರಿ ಆಟೋ. ಸೀಟಿನಡಿ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿ, ಒಟ್ಟು 48. ಎಂಜಿನ್ನೇ ಇಲ್ಲದ ಗಾಡಿ. ಬೆಳಗಿನಿಂದ ಸಂಜೆಯವರೆಗೆ ಗುಂಡಿ, ಹಂಪ್ಸು ಹಾರುತ್ತ ಈ ನಾಲ್ಕೂ ನಿಧಾನಕ್ಕೆ ಖಾಲಿಯಾಗಬೇಕು. ಕುಣಿಯುತ್ತ ಸೋರುವ ಬ್ಯಾಟರಿ! ಗಿಡ್ಡ, ದಪ್ಪ ಪ್ಲೇಟು, ಒಬ್ಬರೇ ಎತ್ತಬಹುದಾದ ಮೂವತ್ತು ಕಿಲೋ, 100 ಎಎಚ್, ಹತ್ತು ಸಾವಿರದ ಒಳಗೆ.

"ಒಂದು ಕೊಡ್ರಿ."

"ಒಂದಾ? ಮೂರು ಚಲೋ ಅದಾವೇನು? ಬ್ಯಾಡ್ರಿ ಯಜಮಾನ್ರೆ. ಮೂರು ಹಳೇವಿನ ಜೊತಿ ಒಂದು ಹೊಸಾದು ಹಾಕಿದ್ರ ಅವು ಇದನ್ನೂ ತಿಂತಾವ. ನಾಲ್ಕೂ ತಗೊಳ್ರಿ."

ನಮ್ಮ ಹತ್ತಿರ ಆಟೋ ಇಲ್ಲ ಎಂದು ತಿಳಿಸಲು ಹತ್ತು ನಿಮಿಷ ಹಿಡಿಯಿತು. ಅವನ ಸಲಹೆ ನಿಜವೇ ಆಗಿತ್ತು; ಗಿರಾಕಿ ಮಾತ್ರ ಬೇರೆ.

ಆಮೇಲೆ ವಾರಂಟಿ. ಒಂಬತ್ತು ತಿಂಗಳು. ಭಾವ ಹೊರಗೆ ಬಂದು ನಿಂತುಬಿಟ್ಟರು. "ಮನೀದು ಐದು ವರ್ಷ ಅಂದು ಮೂರಕ್ಕ ಸತ್ತೈತಿ. ಇದು ಒಂಬತ್ತು ತಿಂಗಳು ಅಂದ್ರ ಶಿವರಾತ್ರಿ ಕಾಣ್ತೈತೇನು?"

ಬೇವಿನ ಮರದ ನೆರಳಿನಲ್ಲಿ ನಾನು ಡೈರಿ ತೆಗೆದೆ. ಆಟೋದವನು ತಿಂಗಳಿಗೆ ಇಪ್ಪತ್ತಾರು ದಿನ ಓಡಿಸಿದರೂ ಒಂಬತ್ತು ತಿಂಗಳಿಗೆ 234 ಸಲ ಪೂರ್ತಿ ಖಾಲಿ ಮಾಡುತ್ತಾನೆ. ಭಾವ ವರ್ಷಕ್ಕೆ ಹನ್ನೆರಡು ಸಲ, ಅದೂ ಅರ್ಧ. 234ನ್ನು 12ರಿಂದ ಭಾಗಿಸಿದರೆ ಹತ್ತೊಂಬತ್ತೂವರೆ ವರ್ಷ. ಹಾಗಾದರೆ ಐದು ವರ್ಷದ ವಾರಂಟಿ ದೊಡ್ಡದೋ, ಒಂಬತ್ತು ತಿಂಗಳದೋ? ಕಾರ್ಡಿನ ಮೇಲಿನ ತಿಂಗಳುಗಳು ಬ್ಯಾಟರಿಯ ಗಟ್ಟಿತನವನ್ನು ಹೇಳುತ್ತಿಲ್ಲ. ಕೊಳ್ಳುವವನು ಅದನ್ನು ಎಷ್ಟು ದುಡಿಸುತ್ತಾನೆ ಎಂದು ಕಂಪನಿ ಕಟ್ಟಿದ ಅಂದಾಜನ್ನು ಹೇಳುತ್ತಿವೆ. ಮನೆಯವನು ಅಪರೂಪಕ್ಕೆ, ಆಟೋದವನು ದಿನಾಲೂ. ಜಾತ್ರೆಗೆ ಹೋಗುವವನ ಅಂದಾಜನ್ನು ಯಾರೂ ಕಟ್ಟಿಲ್ಲ.

ಹತ್ತೊಂಬತ್ತೂವರೆ ಎಂಬ ಲೆಕ್ಕ ತಪ್ಪು ಎನ್ನುವುದೂ ನನಗೆ ಗೊತ್ತಿತ್ತು. ಅಂಗಡಿಯವನೇ ಹೇಳಿದ: "ದುಡಿಸಿದ್ರ ಸಾಯೋದಕ್ಕಿಂತ ಕುಂದ್ರಿಸಿದ್ರ ಜಲ್ದಿ ಸಾಯ್ತಾವ್ರಿ." ಯುಗಾದಿ ಮುಗಿಸಿ ಬಂದು ಮೂಲೆಗೆ ಇಟ್ಟ ಬ್ಯಾಟರಿ ಮುಂದಿನ ಭರತ ಹುಣ್ಣಿಮೆಯವರೆಗೆ ಹತ್ತು ತಿಂಗಳು ತಾನೇ ಸೋರುತ್ತಿರುತ್ತದೆ. ಖಾಲಿ ಬಿದ್ದ ಪ್ಲೇಟಿನ ಮೇಲೆ ಸಲ್ಫೇಟು ಬೆಳ್ಳಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಹನ್ನೆರಡು ರಾತ್ರಿ ಕೊಲ್ಲುವುದಿಲ್ಲ, ಉಳಿದ 353 ಕೊಲ್ಲುತ್ತವೆ.

ಭಾವ ಊರಿಗೆ ಫೋನು ಹಚ್ಚಿದರು. ಅಕ್ಕ ಎಲ್ಲ ಕೇಳಿ, "ದನದ ಮನಿಗೆ ಹಚ್ರಿ. ಬೆಳಿಗ್ಗೆ ನಾಲ್ಕಕ್ಕ ಹಾಲು ಹಿಂಡೋವಾಗ ಟಾರ್ಚ್ ಬಾಯಾಗ ಹಿಡ್ಕೊಂಡು ಸಾಕಾಗೈತಿ" ಎಂದಳು. ನೂರು ವ್ಯಾಟಿನ ಫಲಕ ಕೊಟ್ಟಿಗೆಯ ಮೇಲೆ. ನಮ್ಮ ಬಿಸಿಲಿಗೆ ದಿನಕ್ಕೆ ನಾನೂರು ವ್ಯಾಟ್-ಗಂಟೆ ಕೊಡುತ್ತದೆ. ಜಾತ್ರೆಗೆ ಹೋಗುವಾಗ ಫಲಕವನ್ನೂ ಬಿಚ್ಚಿ ಕಮಾನಿನ ಮೇಲೆ ಕಟ್ಟುವುದು. ಮನೆಯ ಇನ್ವರ್ಟರಿಗೆ ಬೇರೆ ಟ್ಯೂಬ್ಯುಲರು, ಹಳೆಯದನ್ನು ಕೊಟ್ಟು ತರುವುದು. ಅದು ಇನ್ನು ಹೊಸ್ತಿಲು ದಾಟುವಂತಿಲ್ಲ, ಇದು ಭಾವನ ತಾಯಿಯ ಷರತ್ತು. ಹಡಗಲಿಯವನು ಒಂದು ವಾರದ ಹಿಂದೆಯೇ ಹೇಳಿದ್ದ, ಎರಡು ತಗೊಳ್ರಿ ಎಂದು.

ಅಂಗಡಿಯ ಹುಡುಗನೊಬ್ಬ ಕಾರ್ಡು ತುಂಬಲು ಕೂತ. "ಆಟೋ ನಂಬರ್ ಹೇಳ್ರಿ." ಭಾವ ಟ್ರೇಲರಿನ ನಂಬರ್ ಹೇಳಿದರು. ಹುಡುಗ ಬರೆದುಕೊಂಡ. ಜನರನ್ನು ಕೂರಿಸುವುದು ಕಾನೂನಿಗೆ ಒಪ್ಪದ, ಕಾಗದದಲ್ಲಿ ಸರಕಿನ ಗಾಡಿಯಾದ ಅದು ಹರಪನಹಳ್ಳಿಯ ಒಂದು ಕಾರ್ಡಿನಲ್ಲಿ ಈಗ ಆಟೋ.

ಮೈಲಾರ. ಕಾರಣಿಕದ ಹಿಂದಿನ ರಾತ್ರಿ.

ಹೊಳೆಯ ದಿಕ್ಕಿಗೆ ಸಾಲುಸಾಲು ಟ್ರೇಲರು, ಬಂಡಿ. ನಾಳೆ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ವರ್ಷದ ಭವಿಷ್ಯ ನುಡಿಯುತ್ತಾನೆ. ಅವನು ಒಂದು ಸಲ ಕೂಗಿದರೆ ಸಾಕು, ಲಕ್ಷ ಜನ ಉಸಿರು ಹಿಡಿಯುತ್ತಾರೆ. ಇವತ್ತು ಮಾತ್ರ ಎಲ್ಲ ಕಡೆ ಸ್ಪೀಕರು, ಡೊಳ್ಳು, ಭಕ್ತರ 'ಏಳು ಕೋಟಿ' ಕೂಗು.

ಫ್ಯಾನು ಸಣ್ಣವು, ಗಾಳಿಯೂ ಸಣ್ಣದು. ಸೊಳ್ಳೆಗೆ ಸಾಕು, ಭಾವನಿಗೆ ಸಾಲದು. ರಾತ್ರಿ ಹತ್ತಕ್ಕೆ ಮೀಟರು 12.6. ಬೆಳಗಿನ ಐದಕ್ಕೆ ಮತ್ತೆ ಟಾರ್ಚ್ ಹಾಕಿ ನೋಡಿದೆ: 12.2. ಅರ್ಧ. ಲೆಕ್ಕ ಇಷ್ಟು ಸರಿ ಬಂದದ್ದು ಕಂಡು ನನಗೇ ಗುಮಾನಿ. ಆಮೇಲೆ ತಿಳಿಯಿತು, ಎಂಟು ಫೋನಿನ ಜಾಗದಲ್ಲಿ ಹದಿನಾಲ್ಕು ಚಾರ್ಜ್ ಆಗಿದ್ದವು, ಅಕ್ಕಪಕ್ಕದ ಟ್ರೇಲರಿನವು. ಮತ್ತು ಸ್ಪೀಕರನ್ನು ಅಕ್ಕ ಒಂಬತ್ತಕ್ಕೇ ಆರಿಸಿದ್ದಳು.

ಪಕ್ಕದ ಟ್ರೇಲರಿನ ಅಜ್ಜ ತನ್ನ ಫೋನು ತೆಗೆದುಕೊಳ್ಳಲು ಬಂದವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಅವರದು ಎತ್ತರದ ಟ್ಯೂಬ್ಯುಲರು, ಮನೆಯಿಂದ ಕಿತ್ತು ತಂದದ್ದು. ನಡುರಾತ್ರಿಗೇ ಕೂಗಿ ಸುಮ್ಮನಾಗಿತ್ತು.

"ಎಲ್ಲೀದಪ್ಪ ಇದು? ಮನೀದಲ್ಲ, ಗಾಡೀದಲ್ಲ."

"ಆಟೋದ್ದು ಕಾಕಾ" ಎಂದರು ಭಾವ.

ಅಜ್ಜ ನಮ್ಮ ಟ್ರ್ಯಾಕ್ಟರ್ ಕಡೆ ನೋಡಿದರು, ಟ್ರೇಲರಿನ ಆಚೆ ಹೋಗಿ ನೋಡಿ ಬಂದರು.

"ಆಟೋ ಎಲ್ಲಿ ನಿಂದ್ರಿಸೀರಿ?"